ಟ್ರಯಥ್ಲಾನ್‌ಗೆ ಮೊದಲ ವೆಟ್‌ಸೂಟ್: ಕೊಳ್ಳುವ ಮುನ್ನ ನೀರಿನ ತಾಪ ಕೇಳಿ

ಬೆಂಗಳೂರು: ಈಜು, ಸೈಕಲ್ ಸವಾರಿ ಮತ್ತು ಓಟ ಮೂರನ್ನೂ ಒಂದರ ಬೆನ್ನಿಗೊಂದರಂತೆ ಪೂರೈಸಬೇಕಾದ ಟ್ರಯಥ್ಲಾನ್ ಒಂದು ಕಾಲಕ್ಕೆ ಟಿ.ವಿ.ಯಲ್ಲಿ ನೋಡಿ ಬೆರಗಾಗುವ ಕ್ರೀಡೆಯಾಗಿತ್ತು. ಇಂದು ನಗರದ ಕಚೇರಿ ನೌಕರರು, ವೈದ್ಯರು, ವ್ಯಾಪಾರಿಗಳು ಅದಕ್ಕೆ ಹೆಸರು ನೋಂದಾಯಿಸುತ್ತಿದ್ದಾರೆ. ನಟ, ರೂಪದರ್ಶಿ ಮಿಲಿಂದ್ ಸೋಮನ್ 2015ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಚ್‌ನಲ್ಲಿ ಪೂರ್ಣ ಪ್ರಮಾಣದ ಐರನ್‌ಮ್ಯಾನ್ ಸ್ಪರ್ಧೆಯನ್ನು ಮುಗಿಸಿದಾಗ ದೇಶದ ಗಮನ ಈ ಕ್ರೀಡೆಯತ್ತ ಹರಿಯಿತು. 2019ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಮೊದಲ ಬಾರಿಗೆ ಅರ್ಧ ಐರನ್‌ಮ್ಯಾನ್ ನಡೆದ ಮೇಲಂತೂ ಕರ್ನಾಟಕದವರಿಗೆ ಸ್ಪರ್ಧಾಕಣ ಪಕ್ಕದ ಮನೆಯಂತಾಯಿತು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್ 27ರಂದು ಅಲ್ಲಿಯೇ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟವನ್ನು ಪೂರೈಸಿದ್ದರು.

ಹೀಗೆ ಹೆಸರು ನೋಂದಾಯಿಸಿದವರ ಮುಂದೆ ಬೇಗನೆ ಎದುರಾಗುವ ಪ್ರಶ್ನೆಗಳಲ್ಲಿ ಒಂದು, ವೆಟ್‌ಸೂಟ್ ಬೇಕೆ? ಬೇಕಾದರೆ ಯಾವುದು? ಓಟದ ಬೂಟು, ಸೈಕಲ್‌ಗಳ ಬಗ್ಗೆ ಸಲಹೆ ನೀಡಬಲ್ಲವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ತಣ್ಣೀರಿನಲ್ಲಿ ಈಜುವಾಗ ತೊಡುವ ರಬ್ಬರ್ ಉಡುಪಿನ ಅನುಭವ ನಮ್ಮಲ್ಲಿ ಕಡಿಮೆ. ಹತ್ತಾರು ಸಾವಿರ ರೂಪಾಯಿ ತೆತ್ತು ತರಿಸಿಕೊಂಡ ಉಡುಪು ಒಮ್ಮೆಯೂ ನೀರಿಗಿಳಿಯದೆ ಕಪಾಟಿನಲ್ಲಿ ಉಳಿಯಬಹುದು. ಇನ್ನೂ ಕೆಟ್ಟದೆಂದರೆ, ಅಳತೆ ತಪ್ಪಿದ ಉಡುಪು ನಡುನೀರಿನಲ್ಲಿ ಉಸಿರು ಕಟ್ಟಿಸಬಹುದು. ಆದ್ದರಿಂದ ಮೊದಲ ವೆಟ್‌ಸೂಟ್ ಆಯ್ಕೆಯಲ್ಲಿ ಬ್ರ್ಯಾಂಡ್, ಬೆಲೆಗಳಿಗಿಂತ ಮುಂಚೆ ಎರಡು ವಿಷಯಗಳು ಇತ್ಯರ್ಥವಾಗಬೇಕು. ಮೊದಲನೆಯದು ಸ್ಪರ್ಧೆ ನಡೆಯುವ ನೀರಿನ ತಾಪಮಾನ, ಎರಡನೆಯದು ಈಜುವವರ ಮೈ ಅಳತೆ.

ಏನಿದು ವೆಟ್‌ಸೂಟ್?

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಹೀರುತ್ತದೆ. 18 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಹಿತವಾಗಿ ಅಡ್ಡಾಡುವ ವ್ಯಕ್ತಿ ಅದೇ ತಾಪದ ನೀರಿನಲ್ಲಿ ಕೆಲ ಹೊತ್ತಿಗೇ ನಡುಗತೊಡಗುವುದು ಇದೇ ಕಾರಣಕ್ಕೆ. ಈ ಶಾಖನಷ್ಟವನ್ನು ತಡೆಯಲು ಬಳಸುವ ವಸ್ತುವೇ ನಿಯೋಪ್ರೀನ್ ಎಂಬ ಕೃತಕ ರಬ್ಬರ್.

ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರಸಾಯನ ವಿಜ್ಞಾನಿ ವ್ಯಾಲೇಸ್ ಕ್ಯಾರೊದರ್ಸ್ ಅವರ ತಂಡ 1930ರಲ್ಲಿ ಈ ರಬ್ಬರನ್ನು ಕಂಡುಹಿಡಿಯಿತು. ಮುಂದೆ ನೈಲಾನ್ ಹುಟ್ಟಿದ್ದೂ ಇದೇ ಕ್ಯಾರೊದರ್ಸ್ ಅವರ ಪ್ರಯೋಗಾಲಯದಲ್ಲಿ. ಇಂದಿನ ವೆಟ್‌ಸೂಟ್‌ನ ಹೊರಮೈ ನಿಯೋಪ್ರೀನ್, ಒಳಗಿನ ಅಸ್ತರು ಸಾಮಾನ್ಯವಾಗಿ ನೈಲಾನ್ ಎಂಬುದನ್ನು ನೆನೆದರೆ, ಒಂದೇ ಮನೆಯ ಎರಡು ಮಕ್ಕಳು ಇಲ್ಲಿ ಜೊತೆಗೂಡಿವೆ ಎನ್ನಬಹುದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ನೌಕಾಪಡೆಯ ಮುಳುಗುಗಾರರಿಗಾಗಿ ಉಡುಪೊಂದನ್ನು ರೂಪಿಸಲು ಹೊರಟಾಗ ಒಂದು ಸರಳ ಸತ್ಯವನ್ನು ಗುರುತಿಸಿದರು. ಬೆಚ್ಚಗಿರಬೇಕಾದರೆ ಮೈ ಒಣಗಿರಲೇಬೇಕೆಂದಿಲ್ಲ. ಉಡುಪಿನೊಳಗೆ ಸ್ವಲ್ಪ ನೀರು ಸೇರಿದರೂ ದೇಹವೇ ಅದನ್ನು ಬಿಸಿ ಮಾಡಿಕೊಳ್ಳುತ್ತದೆ. ಆ ಶಾಖ ಹೊರಹೋಗದಂತೆ ತಡೆಯುವುದು ರಬ್ಬರಿನೊಳಗಿನ ಲಕ್ಷಾಂತರ ಸಣ್ಣ ಅನಿಲ ಗುಳ್ಳೆಗಳ ಕೆಲಸ. ಹಾಗಾಗಿಯೇ ಇದು ‘ಒದ್ದೆ ಉಡುಪು’.

ಆದರೆ ಆ ನೀರಿನ ಪದರ ತೆಳುವಾಗಿರಬೇಕು, ನಿಂತಲ್ಲೇ ನಿಂತಿರಬೇಕು. ಕೊರಳಿನಿಂದ ತಣ್ಣೀರು ಒಳನುಗ್ಗಿ ಸೊಂಟದಲ್ಲಿ ಶೇಖರವಾಗುವಷ್ಟು ಉಡುಪು ಸಡಿಲವಾಗಿದ್ದರೆ ಬ್ರಾಡ್ನರ್ ಲೆಕ್ಕಾಚಾರವೆಲ್ಲ ನೀರುಪಾಲು!

ತೇಲಿಸುವುದೇ ಅದರ ದೊಡ್ಡ ಗುಣ

ಮುಳುಗುಗಾರರ ಉಡುಪನ್ನು ಟ್ರಯಥ್ಲಾನ್‌ಗೆಂದೇ ಮಾರ್ಪಡಿಸಿದ ಕೀರ್ತಿ ಕ್ಯಾಲಿಫೋರ್ನಿಯಾದ ಡ್ಯಾನ್ ಎಂಪ್‌ಫೀಲ್ಡ್ ಅವರದು. ಅವರು 1987ರಲ್ಲಿ ಆರಂಭಿಸಿದ ಕ್ವಿಂಟಾನಾ ರೂ ಕಂಪನಿ ಈಜುಗಾರನ ಭುಜದ ಚಲನೆಗೆ ಅಡ್ಡಿಯಾಗದ ವೆಟ್‌ಸೂಟನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದಾಚೆಗೆ ಚಳಿ ತಡೆಯುವುದಕ್ಕಿಂತ ವೇಗ ಹೆಚ್ಚಿಸುವುದೇ ಈ ಉಡುಪಿನ ಮುಖ್ಯ ಆಕರ್ಷಣೆಯಾಯಿತು.

ಇದರ ಹಿಂದಿನ ವಿಜ್ಞಾನ ಸರಳ. ಅನಿಲ ಗುಳ್ಳೆಗಳಿಂದ ತುಂಬಿದ ರಬ್ಬರ್ ನೀರಿನಲ್ಲಿ ತೇಲುತ್ತದೆ. ಫ್ರೀಸ್ಟೈಲ್ ಈಜುವ ಹೊಸಬರ ಸಾಮಾನ್ಯ ತೊಂದರೆಯೆಂದರೆ ಸೊಂಟ, ಕಾಲುಗಳು ಕೆಳಗೆ ಜೋತು ಬೀಳುವುದು. ಆಗ ದೇಹ ನೀರನ್ನು ಸೀಳುವ ಬದಲು ನೀರಿಗೆ ಅಡ್ಡವಾಗಿ ನಿಲ್ಲುತ್ತದೆ. ವೆಟ್‌ಸೂಟ್ ಕಾಲು, ಸೊಂಟಗಳನ್ನು ಮೇಲೆತ್ತಿ ದೇಹವನ್ನು ಅಡ್ಡಡ್ಡ ಮಲಗಿಸುತ್ತದೆ, ನೀರಿನ ಪ್ರತಿರೋಧ ತಗ್ಗುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸೆಕೆಂಡಿಗೆ 1.25 ಮೀಟರ್ ವೇಗದಲ್ಲಿ ಈಜುವಾಗ ಈ ಪ್ರತಿರೋಧ ಶೇ. 14ರಷ್ಟು ಕಡಿಮೆಯಾಗಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಸಹಜವಾಗಿಯೇ ಮಟ್ಟಸವಾಗಿ ತೇಲುವ ನುರಿತ ಈಜುಗಾರನಿಗೆ ಈ ಉಡುಪಿನಿಂದ ಸಿಗುವ ಲಾಭ ಕಡಿಮೆ. ಕಾಲು ಮುಳುಗುವ ಹೊಸಬನಿಗೆ ಲಾಭ ಹೆಚ್ಚು. ಆದ್ದರಿಂದ ದುಬಾರಿ ಉಡುಪೇ ಬೇಕೆಂಬ ಹಟ ಹೊಸಬರಿಗೆ ಅನಗತ್ಯ. ಸಾಧಾರಣ ಬೆಲೆಯ ಆರಂಭಿಕ ಉಡುಪೂ ಅವರ ಕಾಲನ್ನು ಮೇಲೆತ್ತುತ್ತದೆ.

ನೀರಿನ ತಾಪವೇ ತೀರ್ಪುಗಾರ

ವೆಟ್‌ಸೂಟ್ ತೊಡಬೇಕೇ ಬೇಡವೇ ಎಂಬುದು ಪೂರ್ಣವಾಗಿ ಸ್ಪರ್ಧಿಯ ಇಚ್ಛೆಗೆ ಬಿಟ್ಟ ವಿಷಯವಲ್ಲ. ಅದನ್ನು ನಿಯಮ ನಿರ್ಧರಿಸುತ್ತದೆ. ಅಂತಾರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಟ್ರಯಥ್ಲಾನ್ ನಿಯಮದಂತೆ, 1,500 ಮೀಟರ್‌ವರೆಗಿನ ಈಜಿನಲ್ಲಿ ನೀರಿನ ತಾಪ 22 ಡಿಗ್ರಿ ಮೀರಿದರೆ ಹವ್ಯಾಸಿ ಸ್ಪರ್ಧಿಗಳಿಗೆ ವೆಟ್‌ಸೂಟ್ ನಿಷಿದ್ಧ. ಅದಕ್ಕಿಂತ ದೀರ್ಘ ಈಜಿಗೆ ಈ ಮಿತಿ 24.6 ಡಿಗ್ರಿ. ನೀರು 16 ಡಿಗ್ರಿಗಿಂತ ತಣ್ಣಗಿದ್ದರೆ ವೆಟ್‌ಸೂಟ್ ಕಡ್ಡಾಯ.

ಐರನ್‌ಮ್ಯಾನ್ ಸಂಸ್ಥೆಯ ಸ್ಪರ್ಧೆಗಳಲ್ಲಿ ಹವ್ಯಾಸಿಗಳಿಗೆ 24.5 ಡಿಗ್ರಿವರೆಗೆ ಅವಕಾಶವಿದೆ. ಅದಕ್ಕೂ ಮೇಲೆ 28.8 ಡಿಗ್ರಿವರೆಗೆ ಕೆಲವು ಸ್ಪರ್ಧೆಗಳಲ್ಲಿ ತೊಡಲು ಬಿಡುತ್ತಾರಾದರೂ ಹಾಗೆ ತೊಟ್ಟವರು ಬಹುಮಾನಕ್ಕೆ ಅರ್ಹರಲ್ಲ. ಉಡುಪಿನ ಯಾವ ಭಾಗವೂ 5 ಮಿಲಿಮೀಟರ್‌ಗಿಂತ ದಪ್ಪ ಇರಕೂಡದೆಂಬ ನಿಯಮ ಎರಡೂ ಕಡೆ ಸಮಾನ. ಸ್ಪರ್ಧೆಯ ದಿನ ಅಧಿಕಾರಿಗಳು ನೀರಿನ ತಾಪ ಅಳೆದ ಮೇಲೆಯೇ ಅಂತಿಮ ಘೋಷಣೆ ಹೊರಬೀಳುತ್ತದೆ. ಹೀಗಾಗಿ ವೆಟ್‌ಸೂಟ್ ಇದ್ದವರೂ ಅದಿಲ್ಲದೆ ಈಜಲು ಸಿದ್ಧರಾಗಿ ಹೋಗಬೇಕು.

ಕರ್ನಾಟಕದ ಓದುಗರಿಗೆ ಇಲ್ಲೇ ಮುಖ್ಯ ಪಾಠವಿದೆ. ಗೋವಾದಿಂದ ಕಾರವಾರ, ಮಂಗಳೂರಿನವರೆಗಿನ ಅರಬ್ಬೀ ಸಮುದ್ರದ ನೀರು ಅಕ್ಟೋಬರ್-ನವೆಂಬರ್‌ನಲ್ಲಿ 28 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅಂಥ ನೀರಿನಲ್ಲಿ ವೆಟ್‌ಸೂಟ್‌ಗೆ ಕೆಲಸವಿಲ್ಲ. ಮಲೇಷ್ಯಾದ ಲಂಕಾವಿಯಲ್ಲಾಗಲಿ, ಐರನ್‌ಮ್ಯಾನ್‌ನ ತವರಾದ ಹವಾಯಿಯ ಕೋನಾದಲ್ಲಾಗಲಿ ಕಥೆ ಇದೇ. ಇಂತಹ ಸ್ಪರ್ಧೆಗಳನ್ನಷ್ಟೇ ಗುರಿಯಾಗಿಟ್ಟುಕೊಂಡವರು ವೆಟ್‌ಸೂಟ್‌ನ ಹಣವನ್ನು ಈಜು ತರಬೇತಿಗೆ ವ್ಯಯಿಸುವುದು ಲೇಸು. ಮೂರೂ ಹಂತಗಳಿಗೆ ಒಂದೇ ಆಗಿ ಬಳಸುವ ಟ್ರೈಸೂಟ್ ಅವರಿಗೆ ಸಾಕು. ಬೇಕಿದ್ದರೆ ಅದರ ಮೇಲೆ ತೊಡುವ, ರಬ್ಬರ್ ಇಲ್ಲದ ತೆಳು ಬಟ್ಟೆಯ ಸ್ವಿಮ್‌ಸ್ಕಿನ್ ಎಂಬ ಉಡುಪೂ ಉಂಟು.

ಯುರೋಪಿನ ಕೆರೆ, ನದಿ, ಸಮುದ್ರಗಳಲ್ಲಿ ಈಜುವವರ ಮಾತು ಬೇರೆ. ಆಸ್ಟ್ರಿಯದ ಕ್ಲಾಗನ್‌ಫರ್ಟ್, ಡೆನ್ಮಾರ್ಕ್‌ನ ಕೋಪನ್‌ಹೇಗನ್, ಸ್ವೀಡನ್‌ನ ಕಾಲ್ಮಾರ್‌ನಂತಹ ಕಡೆ ಹೆಸರು ನೋಂದಾಯಿಸಿದವರು ವೆಟ್‌ಸೂಟ್‌ನ ವಿಚಾರವನ್ನು ತಿಂಗಳುಗಳ ಮೊದಲೇ ಯೋಚಿಸಬೇಕು. ಹಡಗಿನಿಂದ ಹಾರ್ಡಾಂಗರ್ ಫಿಯಾರ್ಡ್‌ನ ಕೊರೆಯುವ ನೀರಿಗೆ ಹಾರಿ ಆರಂಭವಾಗುವ ನಾರ್ವೆಯ ನಾರ್ಸ್‌ಮನ್‌ನಂತಹ ಸ್ಪರ್ಧೆಯಲ್ಲಂತೂ ಅದಿಲ್ಲದೆ ಯೋಚಿಸುವಂತೆಯೇ ಇಲ್ಲ. ಲಂಡನ್, ಆಮ್‌ಸ್ಟರ್‌ಡ್ಯಾಂ, ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಸ್ಪರ್ಧೆ ಮಾತ್ರವಲ್ಲ, ತೆರೆದ ನೀರಿನ ದಿನನಿತ್ಯದ ಅಭ್ಯಾಸಕ್ಕೂ ಇದು ಬೇಕಾಗುತ್ತದೆ.

ಸರ್ಫಿಂಗ್ ಉಡುಪು ಸಾಲದೇ?

ನಮ್ಮ ಅಂಗಡಿಗಳಲ್ಲಿ ಸರ್ಫಿಂಗ್, ಸ್ನಾರ್ಕ್ಲಿಂಗ್‌ಗೆ ಬಳಸುವ ವೆಟ್‌ಸೂಟ್‌ಗಳು ಕಣ್ಣಿಗೆ ಬೀಳುವುದುಂಟು. ಬೆಲೆಯೂ ಕಡಿಮೆ. ಅದನ್ನೇ ಟ್ರಯಥ್ಲಾನ್‌ಗೆ ಬಳಸಬಾರದೇ ಎಂದು ಹಲವರು ಕೇಳುತ್ತಾರೆ. ನಿಯಮದ ದೃಷ್ಟಿಯಿಂದ 5 ಮಿಲಿಮೀಟರ್ ಮೀರದಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ಅನುಭವ ಸಿಹಿಯಾಗಿರದು.

ಸರ್ಫಿಂಗ್ ಉಡುಪು ಹಲಗೆಯ ಉಜ್ಜಾಟ ತಾಳಬೇಕಾದ್ದರಿಂದ ಹೊರಮೈಗೂ ಬಟ್ಟೆ ಹೊದಿಸಿರುತ್ತಾರೆ. ಆ ಬಟ್ಟೆ ನೀರು ಹೀರುತ್ತದೆ, ಎಳೆತ ಹೆಚ್ಚಿಸುತ್ತದೆ. ಟ್ರಯಥ್ಲಾನ್ ಉಡುಪಿನ ಹೊರಮೈ ನುಣುಪಾದ ಬರಿಯ ರಬ್ಬರ್, ಅದರ ಮೇಲೆ ನೀರು ಜಾರುವಂತಹ ಲೇಪ. ಸರ್ಫಿಂಗ್ ಉಡುಪಿನ ಭುಜದ ಭಾಗ ಸಾವಿರಾರು ಬಾರಿ ತೋಳು ಬೀಸುವುದಕ್ಕೆಂದು ಹೊಲಿದದ್ದಲ್ಲ. ಅರ್ಧ ಐರನ್‌ಮ್ಯಾನ್‌ನ ದೂರ ಈಜುವಷ್ಟರಲ್ಲಿ ಭುಜ ಸೋತುಹೋಗುತ್ತದೆ, ಮುಂದೆ 90 ಕಿಲೋಮೀಟರ್ ಸೈಕಲ್ ಕಾದಿರುತ್ತದೆ. ಜೊತೆಗೆ, ಟ್ರಯಥ್ಲಾನ್ ಉಡುಪಿನ ಕಾಲಿನ ತುದಿ ಬೇಗನೆ ಕಳಚಿ ಬರುವಂತೆ ಮಾಡಿರುತ್ತಾರೆ. ಒಟ್ಟಿನಲ್ಲಿ ಸರ್ಫಿಂಗ್ ಉಡುಪು ಈಗಾಗಲೇ ಮನೆಯಲ್ಲಿದ್ದರೆ, ಸ್ಪರ್ಧೆ 750 ಮೀಟರ್‌ನ ಕಿರು ಈಜಿನದಾದರೆ ಹೇಗೋ ನಡೆದೀತು. ಟ್ರಯಥ್ಲಾನ್‌ಗೆಂದೇ ಹಣ ಕೊಟ್ಟು ತರುವಂತಹುದಲ್ಲ.

ತೋಳು ಇರಬೇಕೇ, ಬೇಡವೇ?

ಟ್ರಯಥ್ಲಾನ್ ವೆಟ್‌ಸೂಟ್‌ಗಳಲ್ಲಿ ಎರಡು ಬಗೆ. ಮಣಿಕಟ್ಟಿನವರೆಗೆ ತೋಳಿರುವ ಪೂರ್ಣ ಉಡುಪು ಒಂದು, ತೋಳಿಲ್ಲದ್ದು ಇನ್ನೊಂದು. ತೋಳಿಲ್ಲದ ಉಡುಪು ಅಗ್ಗ, ಭುಜಕ್ಕೆ ಸ್ವಾತಂತ್ರ್ಯ, ಕಳಚುವುದೂ ಸುಲಭ. ನೀರು 20 ಡಿಗ್ರಿಗಿಂತ ಮೇಲಿದ್ದು, ಸೆಖೆ ಬೇಗ ಆಗುವ ಮೈಯವರಿಗೆ ಇದು ಹಿತ. ಆದರೆ ಕಂಕುಳಿನ ಬಳಿ ನೀರು ನುಗ್ಗುವ ಸಂಭವ ಹೆಚ್ಚು, ತೋಳಿಗೆ ಚಳಿಯಿಂದ ರಕ್ಷಣೆ ಇಲ್ಲ.

ಪೂರ್ಣ ತೋಳಿನ ಉಡುಪು ಹೆಚ್ಚು ಬೆಚ್ಚಗೆ, ಹೆಚ್ಚು ವೇಗ. ಬೆಚ್ಚನೆಯ ನೀರಿನಲ್ಲಿ ಬೆಳೆದ, ತಣ್ಣೀರಿನ ರೂಢಿಯಿಲ್ಲದ ನಮ್ಮ ನಾಡಿನವರು ಯುರೋಪಿನ ಸ್ಪರ್ಧೆಗೆ ಹೋಗುವುದಾದರೆ ಪೂರ್ಣ ತೋಳಿನದನ್ನೇ ಆಯ್ದುಕೊಳ್ಳುವುದು ಕ್ಷೇಮ.

ದಪ್ಪ, ದರ್ಜೆ, ದರ

ಉಡುಪಿನ ಎಲ್ಲ ಭಾಗಗಳೂ ಒಂದೇ ದಪ್ಪ ಇರುವುದಿಲ್ಲ. ಎದೆ, ತೊಡೆಗಳಲ್ಲಿ 3ರಿಂದ 5 ಮಿಲಿಮೀಟರ್ ಇದ್ದರೆ ಭುಜ, ಕಂಕುಳಿನಲ್ಲಿ 1.5ರಿಂದ 2 ಮಿಲಿಮೀಟರ್ ಇರುತ್ತದೆ. ಎಲ್ಲಿ ತೇಲಬೇಕೋ ಅಲ್ಲಿ ದಪ್ಪ, ಎಲ್ಲಿ ಬಾಗಬೇಕೋ ಅಲ್ಲಿ ತೆಳು ಎಂಬುದು ಸೂತ್ರ. ಅಗ್ಗದ ಉಡುಪಿನಲ್ಲಿ ಭುಜದ ರಬ್ಬರ್ ತುಸು ದಪ್ಪ, ತುಸು ಬಿರುಸು. ದುಬಾರಿ ಉಡುಪಿಗೆ ಕೊಡುವ ಹೆಚ್ಚಿನ ಹಣದ ಬಹುಪಾಲು ಸಲ್ಲುವುದು ಈ ಭುಜದ ಮೃದುತ್ವಕ್ಕೇ.

ಕಾಲು ಮುಳುಗುವವರಿಗೆ ಕಾಲಿನ ಭಾಗ ದಪ್ಪವಿರುವ ಉಡುಪು ಒಳ್ಳೆಯದು. ಬಾಲ್ಯದಿಂದ ಈಜಿ ಬಲವಾಗಿ ಕಾಲು ಬಡಿಯುವವರಿಗೆ, ಬ್ರೆಸ್ಟ್‌ಸ್ಟ್ರೋಕ್ ರೂಢಿಯವರಿಗೆ ಅದೇ ಉಡುಪು ಕಾಲನ್ನು ನೀರಿನಿಂದ ಹೊರಗೆತ್ತಿ ತೊಂದರೆ ಕೊಡುತ್ತದೆ. ಬ್ರಿಟನ್ನಿನ ಹೂಬ್ ಕಂಪನಿ ತನ್ನ ಉಡುಪುಗಳಿಗೆ 3:5, 4:4 ಎಂಬ ಗುರುತು ಹಾಕುವುದು ಈ ವ್ಯತ್ಯಾಸವನ್ನು ತಿಳಿಸುವುದಕ್ಕೆ. ಮೊದಲ ಅಂಕಿ ಮೈಯ ಮೇಲ್ಭಾಗದ್ದು, ಎರಡನೆಯದು ಕಾಲಿನದ್ದು. ಹೊಸಬರಲ್ಲಿ ಹೆಚ್ಚಿನವರು ಕಾಲು ಮುಳುಗುವ ಗುಂಪಿಗೇ ಸೇರಿದವರು.

ಜಾಹೀರಾತುಗಳಲ್ಲಿ ಯಾಮಾಮೊಟೊ 38, 39, 40 ಎಂಬ ಅಂಕಿಗಳು ಕಾಣುತ್ತವೆ. ಇದು ಜಪಾನಿನ ಯಾಮಾಮೊಟೊ ಕಂಪನಿ ತಯಾರಿಸುವ ರಬ್ಬರಿನ ದರ್ಜೆ. ಅಂಕಿ ಏರಿದಂತೆ ರಬ್ಬರ್ ಹೆಚ್ಚು ಹಿಗ್ಗುತ್ತದೆ, ಬೆಲೆಯೂ ಏರುತ್ತದೆ. ಆದರೆ ಹಿಗ್ಗುವ ರಬ್ಬರ್ ನಾಜೂಕು, ಉಗುರು ತಾಗಿದರೂ ಹರಿಯುತ್ತದೆ. ತೊಡುವುದನ್ನು ಈಗಷ್ಟೇ ಕಲಿಯುತ್ತಿರುವವರಿಗೆ ಕೆಳದರ್ಜೆಯ ಗಟ್ಟಿ ರಬ್ಬರೇ ಬಾಳಿಕೆಗೆ ಒಳ್ಳೆಯದು.

ಆರ್ಕಾ, ಝೋನ್3, ಬ್ಲೂಸೆವೆಂಟಿ, ಹೂಬ್, ಸೈಲ್‌ಫಿಶ್ ಮೊದಲಾದ ಹೆಸರಾಂತ ಕಂಪನಿಗಳೆಲ್ಲವೂ ಆರಂಭಿಕರಿಗೆ ಉಡುಪು ತಯಾರಿಸುತ್ತವೆ. ವಿದೇಶದ ಮಾರುಕಟ್ಟೆಯಲ್ಲಿ ಇವುಗಳ ದರ ಸ್ಥೂಲವಾಗಿ 150ರಿಂದ 300 ಡಾಲರ್. ಉನ್ನತ ದರ್ಜೆಯವು 700 ಡಾಲರ್ ದಾಟುತ್ತವೆ. ಭಾರತಕ್ಕೆ ತರಿಸಿಕೊಂಡರೆ ಸಾಗಣೆ, ಸುಂಕ ಸೇರುತ್ತವೆ. ಅಳತೆ ಸರಿಹೊಂದದಿದ್ದರೆ ಹಿಂದಿರುಗಿಸುವ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಜಾಣತನ.

ಅಳತೆಯೇ ಸರ್ವಸ್ವ

ಸರಿಯಾದ ಅಳತೆಯ ಅಗ್ಗದ ಉಡುಪು ತಪ್ಪು ಅಳತೆಯ ದುಬಾರಿ ಉಡುಪಿಗಿಂತ ಎಷ್ಟೋ ಮೇಲು. ಶರ್ಟಿನ ಅಳತೆಯನ್ನು ನೆಚ್ಚಿ ವೆಟ್‌ಸೂಟ್ ಕೊಳ್ಳುವಂತಿಲ್ಲ. ಪ್ರತಿ ಕಂಪನಿಗೂ ತನ್ನದೇ ಅಳತೆಪಟ್ಟಿ ಇರುತ್ತದೆ. ಒಂದು ಕಂಪನಿಯ ‘ಎಂ’ ಇನ್ನೊಂದರ ‘ಎಲ್’ ಆಗಿರಬಹುದು.

ಪಟ್ಟಿಯಲ್ಲಿ ಎತ್ತರ, ತೂಕ, ಎದೆ ಸುತ್ತಳತೆ ಇರುತ್ತವೆ. ಎತ್ತರ ಒಂದು ಅಳತೆಯನ್ನೂ ತೂಕ ಇನ್ನೊಂದನ್ನೂ ಸೂಚಿಸಿದರೆ ತೂಕ ಮತ್ತು ಎದೆ ಸುತ್ತಳತೆಗೆ ಮನ್ನಣೆ ಕೊಡುವುದು ರೂಢಿ. ಕಾಲು ತುಸು ಗಿಡ್ಡವಾದರೆ ಬಾಧಕವಿಲ್ಲ, ಎದೆ ಬಿಗಿದರೆ ಉಸಿರೇ ಕಷ್ಟ. ಎತ್ತರ ಕಡಿಮೆ, ಹೊಟ್ಟೆ ತುಸು ಮುಂದೆ, ಕೈಕಾಲು ಸಣ್ಣ ಎಂಬ ಮೈಕಟ್ಟಿನವರು ಈ ಪಟ್ಟಿಯ ಯಾವ ಸಾಲಿಗೂ ನೇರವಾಗಿ ಹೊಂದುವುದಿಲ್ಲ. ಅಂಥವರು ಎರಡು ಮೂರು ಕಂಪನಿಗಳ ಪಟ್ಟಿಯನ್ನು ಹೋಲಿಸಿ ನೋಡಬೇಕು. ಮಹಿಳೆಯರಿಗೆ ಎದೆ, ಸೊಂಟದ ಕತ್ತರಿಕೆ ಬೇರೆಯೇ ಇರುವುದರಿಂದ ಪುರುಷರ ಸಣ್ಣ ಅಳತೆಯನ್ನು ಕೊಂಡು ಹೊಂದಿಸಿಕೊಳ್ಳುವ ಯತ್ನ ಬೇಡ. ಇನ್ನೊಂದು ಮಾತು: ಇಂದಿನ ತೂಕವನ್ನು ನೋಡಿ ಕೊಳ್ಳಬೇಕೇ ಹೊರತು ಸ್ಪರ್ಧೆಯ ಹೊತ್ತಿಗೆ ಇಳಿಸಬೇಕೆಂದಿರುವ ತೂಕವನ್ನು ನೋಡಿ ಅಲ್ಲ.

ತೊಟ್ಟ ಮೇಲೆ ಈ ಕೆಳಗಿನ ಸ್ಥಳಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಕೊರಳು: ಪಟ್ಟಿ ಚರ್ಮಕ್ಕೆ ಸುತ್ತಲೂ ಅಂಟಿ ಕೂರಬೇಕು. ಎಂಜಲು ನುಂಗಲು, ತಲೆ ತಿರುಗಿಸಲು ಅಡ್ಡಿಯಾಗಕೂಡದು. ನೆಲದ ಮೇಲೆಯೇ ಕುತ್ತಿಗೆ ಹಿಸುಕಿದಂತೆನಿಸಿದರೆ ನೀರಿನಲ್ಲಿ ಅದು ಭಯವಾಗಿ ಬೆಳೆಯುತ್ತದೆ.

ಎದೆ: ದೀರ್ಘವಾಗಿ ಉಸಿರೆಳೆದಾಗ ಎದೆ ಪೂರ್ಣ ಹಿಗ್ಗಬೇಕು. ಅಪ್ಪುಗೆಯಷ್ಟು ಬಿಗಿ ಸರಿ, ಕಟ್ಟಿಹಾಕಿದಷ್ಟು ಬಿಗಿ ಸಲ್ಲ.

ಭುಜ: ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ, ಈಜುವಂತೆ ಹತ್ತಾರು ಬಾರಿ ತಿರುಗಿಸಿ ನೋಡಬೇಕು. ಎಳೆದಂತೆ ಆದರೆ ಉಡುಪನ್ನು ಇನ್ನೂ ಮೇಲಕ್ಕೆ ಎಳೆದುಕೊಂಡಿಲ್ಲ ಎಂದರ್ಥ. ಮೇಲೆಳೆದ ನಂತರವೂ ಎಳೆತ ಹೋಗದಿದ್ದರೆ ಅಳತೆ ಚಿಕ್ಕದು.

ಕಂಕುಳು, ತೊಡೆಸಂದು: ಇಲ್ಲಿ ರಬ್ಬರ್ ಚರ್ಮಕ್ಕೆ ತಾಗಿಯೇ ಇರಬೇಕು. ಜೋತುಬಿದ್ದರೆ ಪ್ರತಿ ಬಾರಿ ಕೈ ಬೀಸುವಾಗಲೂ ಇಡೀ ಉಡುಪನ್ನು ಎಳೆಯಬೇಕಾಗುತ್ತದೆ.

ಸೊಂಟದ ಹಿಂಭಾಗ: ನೇರ ನಿಂತಾಗ ಬೆನ್ನಿನ ತಗ್ಗಿನಲ್ಲಿ ಪೊಳ್ಳು ಉಳಿಯಬಾರದು. ಉಳಿದರೆ ಅದೇ ನೀರು ತುಂಬುವ ಚೀಲ.

ಮಣಿಕಟ್ಟು, ಕಾಲು: ಮಣಿಕಟ್ಟಿನಲ್ಲಿ ಬಿಗಿಯಾಗಿ ಮುಚ್ಚಿರಬೇಕು. ಕಾಲಿನ ತುದಿ ಪಾದದ ಗಂಟಿಗಿಂತ ಮೇಲೇ ನಿಂತರೂ ಚಿಂತೆಯಿಲ್ಲ, ಕಳಚುವಾಗ ಅನುಕೂಲ.

ನೆಲದ ಮೇಲೆ ಉಡುಪು ತುಸು ಬಿಗಿ ಎನಿಸುವುದು ಸಹಜ, ನೀರಿನಲ್ಲಿ ಅದು ಸಡಿಲಾಗುತ್ತದೆ. ನೆಲದ ಮೇಲೆಯೇ ಆರಾಮವೆನಿಸಿದ್ದು ನೀರಿನಲ್ಲಿ ಜೋಲಾಗುವ ಸಂಭವ ಹೆಚ್ಚು.

ತೊಡುವುದೂ ಒಂದು ಕಲೆ

ಮೊದಲ ಬಾರಿ ತೊಡಲು ಕಾಲು ಗಂಟೆಯಾದರೂ ಬೇಕು. ಎಷ್ಟೋ ಜನ ಅಳತೆ ಚಿಕ್ಕದಾಯಿತೆಂದು ದೂರುವುದಕ್ಕೆ ಅರ್ಧಕ್ಕೆ ತೊಟ್ಟು ಬಿಡುವುದೇ ಕಾರಣ. ಮೈ ಒಣಗಿರಬೇಕು. ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿದರೆ ಕಾಲು ಸರಾಗವಾಗಿ ಜಾರುತ್ತದೆ. ಮೊದಲು ಮೀನಖಂಡ, ಆಮೇಲೆ ತೊಡೆ, ತೊಡೆಸಂದಿನವರೆಗೂ ಎಲ್ಲೂ ಪೊಳ್ಳು ಉಳಿಯದಂತೆ ಇಂಚಿಂಚಾಗಿ ಮೇಲೆಳೆದ ಬಳಿಕವೇ ತೋಳಿಗೆ ಕೈಹಾಕಬೇಕು. ಕೆಳಗೆ ಉಳಿದ ಒಂದೊಂದು ಅಂಗುಲವೂ ಭುಜವನ್ನು ಕೆಳಗೆ ಜಗ್ಗುತ್ತದೆ.

ಉಗುರು ವೆಟ್‌ಸೂಟ್‌ನ ಪರಮ ಶತ್ರು. ಬೆರಳ ತುದಿಯ ಮೆತ್ತನೆಯ ಭಾಗದಿಂದಲೇ ರಬ್ಬರನ್ನು ಹಿಡಿಯಬೇಕು. ಹತ್ತಿಯ ಕೈಗವಸು ಧರಿಸಿದರೆ ಇನ್ನೂ ಕ್ಷೇಮ. ಕುತ್ತಿಗೆಯ ಉಜ್ಜುಗಾಯ ತಪ್ಪಿಸಲು ಜಾರುಲೇಪ ಹಚ್ಚುವುದುಂಟು. ಆದರೆ ಪೆಟ್ರೋಲಿಯಂ ಜೆಲ್ಲಿಯಿಂದ ರಬ್ಬರ್ ಹಾಳಾಗುತ್ತದೆಂದು ತಯಾರಕರು ಎಚ್ಚರಿಸುತ್ತಾರೆ. ವೆಟ್‌ಸೂಟ್‌ಗೆಂದೇ ಮಾರುವ ಲೇಪವನ್ನು ಬಳಸಬೇಕು. ಜಿಪ್ ಬೆನ್ನ ಹಿಂದೆ ಇರುತ್ತದೆ, ಅದರ ಉದ್ದನೆಯ ಪಟ್ಟಿಯನ್ನು ತಲೆಯ ಮೇಲಿನಿಂದ ಹಿಡಿದು ಎಳೆದುಕೊಳ್ಳಬೇಕು. ಸ್ಪರ್ಧೆಯಲ್ಲಿ ನೀರಿನಿಂದ ಏಳುತ್ತಲೇ ಜಿಪ್ ಇಳಿಸಿ, ಸೈಕಲ್ ತಲುಪುವಷ್ಟರಲ್ಲಿ ಸೊಂಟದವರೆಗೆ ಕಳಚಿಕೊಳ್ಳುವುದು ವಾಡಿಕೆ. ಇದನ್ನೂ ಮನೆಯಲ್ಲೇ ನಾಲ್ಕಾರು ಬಾರಿ ಅಭ್ಯಾಸ ಮಾಡಬೇಕು.

ಜೀವದ ಪ್ರಶ್ನೆ

ಟ್ರಯಥ್ಲಾನ್‌ನ ಮೂರು ಹಂತಗಳಲ್ಲಿ ಪ್ರಾಣಾಪಾಯ ಹೆಚ್ಚಿರುವುದು ಈಜಿನಲ್ಲಿ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಸ್ಪರ್ಧೆಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನದಲ್ಲಿ, 90 ಪ್ರಕರಣಗಳು ಈಜಿನ ಹಂತದಲ್ಲೇ ನಡೆದಿದ್ದವು. ಇವಕ್ಕೆಲ್ಲ ವೆಟ್‌ಸೂಟ್ ಕಾರಣವೆಂದು ಇದರರ್ಥವಲ್ಲ. ಆದರೆ ನೀರಿನಲ್ಲಿ ದೇಹ ಎದುರಿಸುವ ಒತ್ತಡ ಎಷ್ಟೆಂಬುದನ್ನು ಈ ಅಂಕಿ ತಿಳಿಸುತ್ತದೆ.

ತಣ್ಣೀರಿಗೆ ಥಟ್ಟನೆ ಇಳಿದಾಗ ಮೊದಲ ಒಂದೆರಡು ನಿಮಿಷ ಉಸಿರು ಹತೋಟಿ ತಪ್ಪುತ್ತದೆ, ಎದೆಬಡಿತ ಏರುತ್ತದೆ. ಇದೇ ತಣ್ಣೀರಿನ ಆಘಾತ. ಅದೇ ಹೊತ್ತಿಗೆ ಕುತ್ತಿಗೆ, ಎದೆಯ ಮೇಲೆ ರಬ್ಬರ್ ಬಿಗಿದಿದ್ದರೆ, ಸುತ್ತ ನೂರಾರು ಜನ ಕೈಕಾಲು ಬಡಿಯುತ್ತಿದ್ದರೆ ಹೊಸಬರು ಗಾಬರಿಗೊಳ್ಳುವುದು ಸಹಜ. ಅವಕಾಶವಿದ್ದರೆ ಸ್ಪರ್ಧೆಗೆ ಮುಂಚೆಯೇ ನೀರಿಗಿಳಿದು ಮುಖಕ್ಕೆ ನೀರೆರಚಿಕೊಂಡು, ಕೊರಳಿನಿಂದ ಸ್ವಲ್ಪ ನೀರನ್ನು ಒಳಗೆ ಬಿಟ್ಟುಕೊಂಡು, ಉಸಿರು ಹದಕ್ಕೆ ಬರುವವರೆಗೆ ಕಾಯಬೇಕು. ಈಜುತ್ತಿರುವಾಗ ಗಾಬರಿಯಾದರೆ ಅಂಗಾತ ಮಲಗಿದರೆ ಸಾಕು, ಉಡುಪೇ ತೇಲಿಸುತ್ತದೆ. ಕೈ ಎತ್ತಿ ರಕ್ಷಕ ದೋಣಿಯವರನ್ನು ಕರೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ಹೃದ್ರೋಗ, ರಕ್ತದೊತ್ತಡ ಇರುವವರು ಸ್ಪರ್ಧೆಗೆ ಹೆಸರು ಕೊಡುವ ಮುನ್ನ ವೈದ್ಯರನ್ನು ಕಾಣುವುದು ಅಗತ್ಯ.

ಬಿಸಿಯೂ ಅಷ್ಟೇ ಅಪಾಯಕಾರಿ. ಬೆಚ್ಚಗಿನ ನೀರಿನಲ್ಲಿ ಶ್ರಮಪಡುವ ದೇಹಕ್ಕೆ ಶಾಖ ಹೊರಹಾಕಲು ದಾರಿ ಕಡಿಮೆ. ಅಮೆರಿಕದ ಖ್ಯಾತ ಈಜುಗಾರ ಫ್ರಾನ್ ಕ್ರಿಪ್ಪನ್ 2010ರ ಅಕ್ಟೋಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಫುಜೈರಾದಲ್ಲಿ ಬಿಸಿ ನೀರಿನ 10 ಕಿಲೋಮೀಟರ್ ಸ್ಪರ್ಧೆಯ ನಡುವೆ ಮೃತಪಟ್ಟರು. ವಿಶ್ವಮಟ್ಟದ ಈಜುಗಾರನಿಗೇ ಒದಗಿದ ಈ ಗತಿ ಬೆಚ್ಚಗಿನ ನೀರನ್ನು ಹಗುರವಾಗಿ ಕಾಣುವವರಿಗೆಲ್ಲ ಎಚ್ಚರಿಕೆ. ಅಂತಹ ನೀರಿನಲ್ಲಿ ಮೈಮೇಲೆ ರಬ್ಬರನ್ನೂ ಹೊದ್ದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ತೇಲಲು ಸಹಾಯವಾಗುತ್ತದೆಂದು ಗೋವಾದಂತಹ ಕಡಲಿನಲ್ಲಿ ವೆಟ್‌ಸೂಟ್ ತೊಡುವ ಆಸೆಯನ್ನು ಬಿಡಬೇಕು. ಈಜು ಬಾರದ ಕೊರತೆಯನ್ನು ಉಡುಪು ತುಂಬದು.

ಬಾಡಿಗೆಯೋ, ಹಳೆಯದೋ?

ವರ್ಷಕ್ಕೊಂದೇ ವಿದೇಶಿ ಸ್ಪರ್ಧೆಗೆ ಹೋಗುವವರು ಕೊಳ್ಳಲೇಬೇಕೆಂದಿಲ್ಲ. ಬ್ರಿಟನ್, ಅಮೆರಿಕ, ಯುರೋಪಿನ ಹಲವೆಡೆ ಒಂದು ಸ್ಪರ್ಧೆಗೆ ಅಥವಾ ಒಂದು ಋತುವಿಗೆ ವೆಟ್‌ಸೂಟ್ ಬಾಡಿಗೆಗೆ ಸಿಗುತ್ತದೆ. ಬಾಡಿಗೆ ಉಡುಪಿನ ಒಂದೇ ತೊಡಕೆಂದರೆ ಅದು ಕೈಸೇರುವುದು ಸ್ಪರ್ಧೆಯ ಒಂದೆರಡು ದಿನ ಮುನ್ನ. ಅದೇ ಊರಿಗೆ ಮೊದಲೇ ತಲುಪಿ ಒಮ್ಮೆಯಾದರೂ ತೊಟ್ಟು ಈಜುವಷ್ಟು ಸಮಯ ಇಟ್ಟುಕೊಂಡರೆ ತೊಂದರೆಯಿಲ್ಲ. ಅಲ್ಲಿ ನೆಂಟರೋ ಸ್ನೇಹಿತರೋ ನೆಲೆಸಿದ್ದರೆ ಅವರ ವಿಳಾಸಕ್ಕೆ ಮುಂಚಿತವಾಗಿ ತರಿಸಿಡಬಹುದು.

ಹಳೆಯ ಉಡುಪು ಕೊಳ್ಳುವವರು ಬೆಳಕಿಗೆ ಹಿಡಿದು ನೋಡಬೇಕು. ಉಗುರಿನ ಸಣ್ಣ ಗೀರುಗಳನ್ನು ನಿಯೋಪ್ರೀನ್ ಅಂಟಿನಿಂದ ಸರಿಪಡಿಸಬಹುದು. ಹೊಲಿಗೆ ಬಿಟ್ಟಿರುವುದು, ರಬ್ಬರ್ ಬಿರುಸಾಗಿ ಸಣ್ಣಗೆ ಬಿರಿದಿರುವುದು, ಜಿಪ್ ಸಿಕ್ಕಿಕೊಳ್ಳುವುದು ಕಂಡರೆ ಬೆಲೆ ಎಷ್ಟೇ ಅಗ್ಗವಾಗಿದ್ದರೂ ಬೇಡವೆನ್ನುವುದು ಒಳಿತು.

ಕೊಂಡ ಉಡುಪನ್ನು ಊರಲ್ಲೇ ಪರೀಕ್ಷಿಸಬೇಕು. ಈಜುಕೊಳದವರ ಅನುಮತಿ ಪಡೆದು, ಬೆಳಗಿನ ತಂಪು ಹೊತ್ತಿನಲ್ಲಿ 10-15 ನಿಮಿಷ ಈಜಿದರೆ ಅಳತೆಯ ಲೋಪ ತಿಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಈಜಿದರೆ ಸೆಖೆ ಬಾಧಿಸುತ್ತದೆ. ಸ್ಪರ್ಧೆಯ ದಿನವೇ ಮೊದಲ ಬಾರಿ ತೊಡುವ ಸಾಹಸ ಮಾತ್ರ ಸಲ್ಲದು.

ಆರೈಕೆ

ಪ್ರತಿ ಬಾರಿ ಬಳಸಿದ ಮೇಲೂ ಉಪ್ಪು, ಕ್ಲೋರಿನ್ ಹೋಗುವಂತೆ ತಣ್ಣನೆಯ ಸಿಹಿನೀರಿನಲ್ಲಿ ಒಳಹೊರಗೆ ತೊಳೆದು ನೆರಳಲ್ಲಿ ಒಣಗಿಸಬೇಕು. ವಾಷಿಂಗ್ ಮೆಷಿನ್, ಬಿಸಿನೀರು, ಇಸ್ತ್ರಿ, ಉರಿಬಿಸಿಲು ಯಾವುದೂ ಕೂಡದು. ತಂತಿಯ ಹ್ಯಾಂಗರಿನಲ್ಲಿ ನೇತುಹಾಕಿದರೆ ಭುಜ ಜಗ್ಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪೂರ್ಣ ಒಣಗಿಸದೆ ಕಪಾಟಿಗಿಟ್ಟರೆ ಬೂಷ್ಟು ಹಿಡಿಯುವುದು ಖಚಿತ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲೇ ಇಟ್ಟುಕೊಂಡರೆ, ಸಾಮಾನು ಬೇರೆ ಊರಿಗೆ ಹೋದರೂ ಸ್ಪರ್ಧೆ ತಪ್ಪುವುದಿಲ್ಲ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಸ್ಪರ್ಧೆಯ ಹಿಂದಿನ ವರ್ಷಗಳ ನೀರಿನ ತಾಪವನ್ನು ಆಯೋಜಕರ ಮಾಹಿತಿಯಿಂದ ಮೊದಲು ತಿಳಿದುಕೊಳ್ಳಬೇಕು. 24 ಡಿಗ್ರಿಗಿಂತ ಮೇಲಿದ್ದರೆ ಕೊಳ್ಳುವ ಯೋಚನೆಯನ್ನು ಕೈಬಿಡಬೇಕು. ಕೆಳಗಿದ್ದರೆ ಬಾಡಿಗೆಯ ಸಾಧ್ಯತೆ ನೋಡಿ, ಕೊಳ್ಳುವುದೇ ಆದರೆ ಪೂರ್ಣ ತೋಳಿನ, ಆರಂಭಿಕ ದರ್ಜೆಯ, ಮೈಗೆ ಸರಿಹೊಂದುವ ಉಡುಪನ್ನು ಸ್ಪರ್ಧೆಗೆ ಕನಿಷ್ಠ ಒಂದೆರಡು ತಿಂಗಳ ಮುಂಚೆ ತರಿಸಿಕೊಳ್ಳಬೇಕು. ಉಳಿದ ಹಣ ಮತ್ತು ಸಮಯವನ್ನು ಈಜು ಕಲಿಸುವ ಗುರುವಿಗೆ ಮೀಸಲಿಟ್ಟರೆ ಅದರ ಫಲ ತಣ್ಣೀರಿನಲ್ಲೂ ಸಿಗುತ್ತದೆ, ಗೋವಾದ ಕಡಲಿನಲ್ಲೂ ಸಿಗುತ್ತದೆ.